ಏಳು ಗ್ರಹಗಳಾಚೆಯ ಗಿಣಿ

ಕಥೆ ಹೇಳಿ ಹೇಳಿ ನನ್ನನ್ನು ಬೆಳೆಸಿದ ಅಪ್ಪಾ,

ಆ ಪುಸ್ತಕ ಮನೆಗೆ ತಂದ ಸಂಜೆ ನೆನಪಿದೆಯೇ? ಮಾದಾಪುರದ ಆಫೀಸಿನಿಂದ ತಾರ್ನಾಕದ ನಮ್ಮ ಮನೆಗೆ ಕ್ಯಾಬಿನಲ್ಲಿ ಬರುವಷ್ಟರಲ್ಲೇ ಎರಡು ಅಧ್ಯಾಯ ಓದಿ ಮುಗಿಸಿದ್ದೆ. ಏಳು ಸಮುದ್ರದಾಚೆಯ ಗಿಣಿಯಲ್ಲಿ ರಾಕ್ಷಸ ಪ್ರಾಣ ಇಟ್ಟಿರುವ ನಿನ್ನ ಕಥೆಯನ್ನೇ ಯಾರೋ ವಿಜ್ಞಾನ ಕಾದಂಬರಿ ಮಾಡಿದ್ದರು. ಸಮುದ್ರದ ಬದಲು ಗ್ರಹಗಳು, ಗಿಣಿಯ ಬದಲು ಯಂತ್ರದ ಹಕ್ಕಿ. ಅದರ ಬ್ಯಾಟರಿ ಇರುವವರೆಗೆ ರಾಕ್ಷಸನಿಗೆ ಸಾವಿಲ್ಲ. ಅವನನ್ನು ಕೊಲ್ಲಲು ಆ ಹಕ್ಕಿಯನ್ನು ಹುಡುಕಿ ಹೊರಟವಳು ಒಬ್ಬ ಹುಡುಗಿ. ರೈಲ್ವೆಯಿಂದ ನಿವೃತ್ತನಾದ ಮೇಲೆ ಪೇಪರ್ ಬಿಟ್ಟು ಬೇರೇನೂ ಓದದ ನೀನು, ನಾನು ಗಟ್ಟಿಯಾಗಿ ಓದಲು ಕೂತ ಕೂಡಲೇ ಟೀವಿ ಆರಿಸಿ ಬಂದೆ.

ಆಮೇಲೆ ದಿನಾ ಸಂಜೆ ಒಂದೊಂದು ಅಧ್ಯಾಯ. ಸುಮ್ಮನೆ ಕೇಳುವ ಆಸಾಮಿಯೇ ನೀನು? ಕರೆಂಟು ಹೋದರೆ ಹಕ್ಕಿಯ ಗತಿಯೇನು, ಅಲ್ಲಿ ಇನ್ವರ್ಟರ್ ಇಟ್ಟಿದ್ದಾರೋ ಇಲ್ಲವೋ ಎಂದು ನನ್ನ ಜೀವ ತಿಂದೆ. ತಂದೆ-ಮಗಳಿಬ್ಬರಿಗೂ ತಲೆ ಕೆಟ್ಟಿದೆ ಎಂದು ಗೊಣಗುತ್ತಲೇ ಅವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದಳು. ಎಷ್ಟು ನಕ್ಕೆವಲ್ಲ ಅಪ್ಪಾ. ಹುಡುಗಿಗೆ ಹಕ್ಕಿ ಸಿಕ್ಕಿ, ಅವಳು ಅದರ ಕತ್ತಿಗೆ ಕೈ ಹಾಕಿದ ಕಡೆ ಪುಸ್ತಕ ಮುಚ್ಚಿಟ್ಟೆ. ಮಾರನೆಯ ದಿನವೇ ನಿನಗೆ ಉಸಿರು...

ಐಸಿಯುನಲ್ಲಿ ಮಾಸ್ಕ್ ಸರಿಸಿ ನೀನು ಮೊದಲು ಕೇಳಿದ್ದೇ ಕಥೆ ಮುಂದೇನಾಯಿತು ಎಂದು. ಪುಸ್ತಕ ಒಳಗೆ ಬಿಡುತ್ತಿರಲಿಲ್ಲ, ನಾನೂ ಮುಂದೆ ಓದಿರಲಿಲ್ಲ. ಹುಡುಗಿ ಹಕ್ಕಿಯನ್ನು ಕೊಲ್ಲಲಿಲ್ಲ, ಹೊಸ ಬ್ಯಾಟರಿ ಹಾಕಿದಳು, ಇನ್ನು ರಾಕ್ಷಸನಿಗೆ ಸಾವೇ ಇಲ್ಲ ಎಂದು ಬಾಯಿಗೆ ಬಂದದ್ದು ಹೇಳಿದೆ. ನಿನಗೆ ಖುಷಿಯಾಗಲಿ ಎಂದು. ನೀನು ಬೇಡವೆಂಬಂತೆ ತಲೆಯಾಡಿಸಿದೆ.

"ಹಂಗ ಮಾಡಬಾರದವ್ವಾ. ಅಂವಗೂ ಸಾಕಾಗಿರತೈತಿ."

ಮರುದಿನ ವೆಂಟಿಲೇಟರ್ ಹಾಕಿದರು. ಗಾಜಿನಾಚೆ ನಿಂತು ನೋಡುತ್ತಿದ್ದೆ. ಯಂತ್ರ ಉಸಿರಾಡುತ್ತಿತ್ತು, ನೀನು ಮಲಗಿದ್ದೆ. ಯಾವುದೋ ದೇಶದ ಕಂಪ್ಯೂಟರ್ ಕೆಟ್ಟರೆ ಇಲ್ಲಿ ಕೂತು ಸರಿಮಾಡುವವಳು ನಾನು. ಅಲ್ಲಿ ಏನು ಮಾಡಲಿ? ಕೈ ಕಟ್ಟಿ ಹಾಕಿದಂತಾಗಿತ್ತು. ಕೊನೆಗೊಂದು ದಿನ ಡಾಕ್ಟರು, ಚೇತರಿಸಿಕೊಳ್ಳುವ ಆಸೆ ಉಳಿದಿಲ್ಲ, ಮುಂದುವರಿಸುವುದೋ ನಿಲ್ಲಿಸುವುದೋ ಮನೆಯವರು ಹೇಳಿ ಎಂದು ತೆಲುಗಿನಲ್ಲಿ ಹೇಳಿದರು. ಅವ್ವ ನನ್ನ ಮುಖ ನೋಡಿದಳು. "ನೀ ಏನಂತಿ ಅದಾಗಲಿ. ನನ್ನ ಬಾಯಿಂದ ಆ ಮಾತು ಬರೂದಿಲ್ಲ." ಸಾಕಾಗಿರತೈತಿ ಎಂದು ನೀನು ಅಂದು ಆಡಿದ್ದು ರಾಕ್ಷಸನ ಮಾತೋ, ನಿನ್ನದೋ? ಯಾರನ್ನು ಕೇಳಲಿ ಅಪ್ಪಾ?

ಮೊನ್ನೆ ಅವ್ವ ತಾನಾಗಿಯೇ ಆ ಪುಸ್ತಕ ತಂದು ಕೈಗಿಟ್ಟು, ಉಳಿದದ್ದು ಓದು ಎಂದಳು. ಓದಿದೆ. ಹುಡುಗಿ ಹಕ್ಕಿಯ ಕತ್ತು ಹಿಡಿದು ಕೂತೇ ಇರುತ್ತಾಳೆ, ಕಥೆ ಅಲ್ಲಿಗೇ ಮುಗಿಯುತ್ತದೆ. ಬರೆದವರು ಅವಳನ್ನು ಅಷ್ಟಕ್ಕೇ ಬಿಟ್ಟುಬಿಟ್ಟಿದ್ದಾರೆ. ನನ್ನನ್ನು ಯಾರೂ ಹಾಗೆ ಬಿಡಲಿಲ್ಲ. ನಿಲ್ಲಿಸಿ ಎಂದು ಡಾಕ್ಟರಿಗೆ ಹೇಳಿದವಳು ನಾನೇ, ಅಪ್ಪಾ.