ಗಂಡು ಗಿಡಗಳನ್ನಷ್ಟೇ ಕಿತ್ತುಹೋದ ಸಾಹೇಬರಿಗೆ

ಮಾನ್ಯ ಜಿಲ್ಲಾ ಅಬಕಾರಿ ಸಾಹೇಬರ ಸನ್ನಿಧಿಗೆ, ತಿಮಿಲಖೇತದ ಉಮೇದ್ ಸಿಂಗ್ ಬೋರಾ ಮೊದಲು ಕೈ ಮುಗಿದು, ಆಮೇಲೆ ಅದೇ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಬರೆಯುವುದೇನೆಂದರೆ:

ನನ್ನ ಹಿತ್ತಲಲ್ಲಿ ಉಳಿದಿರುವ ಭಂಗಿಗಿಡಗಳನ್ನು ಮುಟ್ಟಬೇಡಿ. ಕಾರ್ತಿಕದಲ್ಲಿ ಬೀಜ ಬಲಿಯುವವರೆಗೆ ಅವು ನಿಂತಿರಲಿ. ವಿಷಯ ಇಷ್ಟೇ. ಇಷ್ಟಕ್ಕೆ ಒಂದು ಕಾರ್ಡು ಸಾಕಿತ್ತು. ಆದರೆ ಕಚೇರಿಗೆ ಹಾಕಿದ ಅರ್ಜಿಯನ್ನು ಕಚೇರಿಯ ಇಲಿ ಮಾತ್ರ ಓದುತ್ತದೆ, ಪತ್ರಿಕೆಯಲ್ಲಿ ಬಂದದ್ದನ್ನು ಇಲಿಯ ಜೊತೆಗೆ ಜನವೂ ಓದುತ್ತಾರೆ ಎಂದು ಹೀಗೆ ಎಲ್ಲರ ಎದುರಿಗೇ ಬರೆಯುತ್ತಿದ್ದೇನೆ. ಭಾಷೆಯಲ್ಲಿ ತಪ್ಪಿದ್ದರೆ ತಾವು ತಿದ್ದಿಕೊಳ್ಳಬೇಕು. ನಾನು ಓದಿದ್ದು ಊರಿನ ಶಾಲೆಯಲ್ಲಿ, ಐದರವರೆಗೆ. ಐದರಲ್ಲಿ ಇಡೀ ತರಗತಿಗೇ ಎರಡನೆಯವನು. ತರಗತಿಯಲ್ಲಿ ಇದ್ದದ್ದೇ ಇಬ್ಬರು ಎಂದು ಹೊಟ್ಟೆಕಿಚ್ಚಿನ ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಆ ಮೊದಲನೆಯವನಿಗೆ ಈಗ ಕಣ್ಣು ಕಾಣಿಸುವುದಿಲ್ಲ, ಈ ಪತ್ರವನ್ನು ಅವನು ಬರೆಯಲಾರ.

ಭಾದ್ರಪದದಲ್ಲಿ ತಾವು ಸಿಬ್ಬಂದಿ ಸಮೇತ ನಮ್ಮ ಬೆಟ್ಟ ಹತ್ತಿ ಬಂದದ್ದು ನೆನಪಿರಬಹುದು. ತಿಮಿಲಖೇತದಲ್ಲಿ ಸೂರಿಗಿಂತ ಎತ್ತರದ ಗಾಂಜಾ ಬೆಳೆದಿದ್ದಾರೆಂದು ಖಚಿತ ದೂರು ಬಂದಿದೆ ಎಂದಿರಿ. ಆ ದೂರು ಕೊಟ್ಟ ಹಾಳು ಬಾಯಿ ಯಾವುದೆಂದು ನಾನು ಆಮೇಲೆ ಊರೆಲ್ಲ ಹುಡುಕಿದೆ. ಬಸ್ಸು ನಿಲ್ಲುವಲ್ಲಿ ಚಹಾದಂಗಡಿ ಇಟ್ಟಿರುವ ಲಛೂನ ಮುಂದೆ ಕೂತು ಒಬ್ಬೊಬ್ಬರ ಹೆಸರು ಹಿಡಿದು ಬೈದೆ. ಅವನು ಲೋಟ ತೊಳೆಯುತ್ತಲೇ ಹೇಳಿದ: "ಕಕಾ, ಸಾಕು. ಆವತ್ತು ಟೋಪಿ ಹಾಕ್ಕೊಂಡು ಇಲ್ಲಿ ಕೂತಿದ್ದೋರಿಗೆ ನಿಮ್ಮ ಭಂಗಿ ಸೂರು ದಾಟಿದೆ ಅಂತ ಕೈ ಮೇಲೆತ್ತಿ ತೋರಿಸಿದ್ದು ನೀವೇ. ಚಹಾ ಕೂಡ ನೀವೇ ಕುಡಿಸಿದ್ರಿ." ಆ ಟೋಪಿಯವರು ತಮ್ಮ ಇಲಾಖೆಯವರೆಂದು ನನಗೆ ಹೇಗೆ ಗೊತ್ತಾಗಬೇಕು? ಅಷ್ಟು ಮನಸ್ಸಿಟ್ಟು ಕೇಳುವವರು ನಮ್ಮೂರಲ್ಲಿ ಯಾರೂ ಇಲ್ಲ ಎಂದು ಖುಷಿಯಾಗಿ ಹೇಳಿದೆ. ಹೇಳಿದ್ದರಲ್ಲಿ ಸುಳ್ಳೇನಿತ್ತು? ಕಲ್ಲುಚಪ್ಪಡಿಯ ಸೂರಿನ ಮೇಲೆ ಕೂತ ಕಾಗೆ ನನ್ನ ಗಿಡವನ್ನು ಕತ್ತೆತ್ತಿ ನೋಡಬೇಕು. ಕೊಟ್ಟಿಗೆಯ ಹಿಂದಿನ ಮಣ್ಣು, ಮೂರು ತಲೆಮಾರಿನ ಸಗಣಿ, ಮೇಲೆ ನನ್ನ ಕೈಗುಣ.

ಈಗ ತಾವು ಬಂದ ದಿನದ ಕಥೆ. ತಮಗೆ ಅದು ದಾಳಿ. ನನಗೆ ಅದು ಏನಾಗಿತ್ತು ಎಂಬುದನ್ನು ಹೇಳದಿದ್ದರೆ ನನಗೆ ಅನ್ನ ಜೀರ್ಣವಾಗುವುದಿಲ್ಲ.

ಸಾಹೇಬರೇ, ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಗಂಡು ಭಾದ್ರಪದದಲ್ಲಿ ಗೊಂಚಲು ಗೊಂಚಲು ಹೂ ಬಿಟ್ಟು, ಪರಾಗ ಉದುರಿಸಿ, ತನ್ನ ಕೆಲಸ ಮುಗಿಯಿತೆಂದು ಬಾಡುತ್ತದೆ. ಆಗ ಅದನ್ನು ಬುಡಸಮೇತ ಕಿತ್ತು ನಾರು ತೆಗೆಯಬೇಕು. ಹೆಣ್ಣು ಕಾರ್ತಿಕದವರೆಗೆ ಬಿಸಿಲು ಮಳೆಗೆ ನಿಂತು ಬೀಜ ಕಟ್ಟುತ್ತದೆ. ನಮ್ಮ ಮನೆಯಲ್ಲೂ ಇದೇ ಲೆಕ್ಕ ಎಂದು ನನ್ನ ಹೆಂಡತಿ ಸರುಲಿ ಹೇಳುತ್ತಾಳೆ, ಅದು ಬೇರೆ ಮಾತು. ತಾವು ಬಂದ ದಿನ ನಾನು ಗಂಡು ಗಿಡ ಕೀಳಬೇಕಾಗಿದ್ದ ದಿನವೇ ಆಗಿತ್ತು. ಆದರೆ ಸೊಂಟ ಹಿಡಿದಿತ್ತು. ತಮ್ಮನ ಮಕ್ಕಳನ್ನು ಕರೆದರೆ ಒಬ್ಬನಿಗೆ ಜ್ವರ, ಇನ್ನೊಬ್ಬನಿಗೆ ಪರೀಕ್ಷೆ. ಅವನು ಶಾಲೆ ಬಿಟ್ಟು ಎರಡು ವರ್ಷವಾಯಿತು, ಯಾವ ಪರೀಕ್ಷೆಯೋ ಆ ಗೋಲು ದೇವರೇ ಬಲ್ಲ. ಹೀಗೆ ನಾನು ಅಂಗಳದಲ್ಲಿ ಕೂತು ಕಲಿಗಾಲವನ್ನು ಬೈಯುತ್ತಿರುವಾಗ, ಗಟ್ಟಿಮುಟ್ಟಾದ ನಾಲ್ಕು ಆಳುಗಳನ್ನು ಕಟ್ಟಿಕೊಂಡು ತಾವು ಬಂದಿರಿ.

ಹಿತ್ತಲಿಗೆ ನಡೆದಿರಿ. ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಹಾಕಿದಿರಿ. ಆಮೇಲೆ ಆಳುಗಳಿಗೆ ಅಪ್ಪಣೆ ಮಾಡಿದಿರಿ: "ಹೂ ಬಿಟ್ಟಿರೋದೇ ಗಾಂಜಾ. ಬರೀ ಎಲೆ ಇರೋವು ಇನ್ನೂ ಎಳೇವು, ಅವನ್ನ ಆಮೇಲೆ ನೋಡೋಣ. ಹೂವಿನವನ್ನ ಒಂದೂ ಬಿಡಬೇಡಿ."

ನಾನು ಬಾಯಿ ತೆರೆದೆ. ತಿಳಿದದ್ದನ್ನು ಹೇಳದೆ ಇರುವ ಅಭ್ಯಾಸ ನನಗಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಸರುಲಿ ತಣ್ಣಗೆ ಹೇಳಿದಳು: "ಸಾಹೇಬ್ರು ಓದಿದೋರು, ಅವ್ರಿಗೆ ಗೊತ್ತಿರುತ್ತೆ. ನೀವು ಒಳಗೆ ಬಂದು ಇವ್ರಿಗೆ ನೀರು ತಗೊಂಡು ಹೋಗಿ." ಮದುವೆಯಾದಾಗಿನಿಂದ ನಾನು ಅವಳ ಮಾತು ಕೇಳಿದ್ದು ಅದೇ ಮೊದಲು, ಅದರ ಫಲವನ್ನೂ ಕಂಡೆ. ತಮ್ಮವರು ಬೆವರು ಸುರಿಸಿ ಗಂಡು ಗಿಡಗಳನ್ನು ಒಂದೊಂದಾಗಿ ಹುಡುಕಿ ಕಿತ್ತರು. ಬೇರಿನ ಮಣ್ಣು ಕೊಡವಿದರು. ಕಟ್ಟು ಕಟ್ಟಿದರು. ಹೆಣ್ಣು ಗಿಡಗಳ ಬುಡ ತುಳಿಯದಂತೆ ಹುಷಾರಾಗಿ ಹೆಜ್ಜೆ ಇಡಿ ಎಂದು ನಾನು ಎರಡು ಸಲ ಹೇಳಿದೆ. ಪಾಪ, ಹಾಗೇ ಇಟ್ಟರು.

ಊಟದ ಹೊತ್ತಾಯಿತು. ನಮ್ಮ ಅಂಗಳಕ್ಕೆ ಬಂದವರು ಜಪ್ತಿ ಮಾಡಲಿಕ್ಕೇ ಬಂದಿರಲಿ, ಹಸಿದು ಇಳಿದು ಹೋಗುವಂತಿಲ್ಲ. ರಾಗಿ ರೊಟ್ಟಿ, ಒಗ್ಗರಣೆಯ ಆಲೂಗಡ್ಡೆ, ಸಾಸಿವೆ ಅರೆದು ಹಾಕಿದ ಸೌತೆಕಾಯಿ ಮೊಸರು, ಜೊತೆಗೆ ಒರಳುಕಲ್ಲಿನಿಂದ ಆಗಷ್ಟೇ ಬಳಿದು ತಂದ ಚಟ್ನಿ. ತಾವು ಮೊದಲು ಬೆರಳ ತುದಿಯಲ್ಲಿ ಮುಟ್ಟಿದಿರಿ. ಆಮೇಲೆ ರೊಟ್ಟಿ ಬಿಟ್ಟು ಚಟ್ನಿಯನ್ನೇ ತಿಂದಿರಿ. ಮೂರನೇ ಸಲ ಕೈಯೊಡ್ಡಿ, ಇದು ಎಳ್ಳಿನದೇ ಎಂದು ಕೇಳಿದಿರಿ.

ಸರುಲಿ ಬಡಿಸುತ್ತಲೇ ಹೇಳಿದಳು: "ಭಂಗಿಬೀಜದ್ದು ಸಾಹೇಬ್ರೇ. ಹೋದ ವರ್ಷದ ಬೀಜ. ಈ ವರ್ಷದ್ದನ್ನ ನೀವು ಉಳಿಸಿದ್ರೆ, ಮುಂದಿನ ಸಲ ಬಂದಾಗ ಹೊಸದ್ರಲ್ಲಿ ಅರೆದು ಹಾಕ್ತೀನಿ."

ತಮ್ಮ ಕೈ ಬಾಯಿಯ ಹತ್ತಿರ ನಿಂತಿತು. ಆಳುಗಳ ಕೈಯೂ ನಿಂತಿತು. ಮೇಲಿನವರ ಕೈ ಕದಲದೆ ಕೆಳಗಿನವರದು ಕದಲಬಾರದೆಂಬುದು ಸರ್ಕಾರಿ ನಿಯಮವಿರಬೇಕು. ತಾವು ಸ್ವಲ್ಪ ಯೋಚಿಸಿ, "ಬೀಜದ ವಿಚಾರ ಬೇರೆ. ಬೀಜದಲ್ಲಿ ಅಮಲಿಲ್ಲ" ಎಂದು ತೀರ್ಪು ಕೊಟ್ಟು ತುತ್ತು ನುಂಗಿದಿರಿ. ಹೊರಡುವಾಗ ಮನೆಯವರಿಗೂ ಇರಲಿ ಎಂದು ತಿಮಿಲ ಮರದ ಅಗಲ ಎಲೆಯಲ್ಲಿ ಒಂದು ಪೊಟ್ಟಣ ಕಟ್ಟಿಸಿಕೊಂಡಿರಿ. ತಮ್ಮ ಆ ತೀರ್ಪನ್ನು ನಾನು ತಲೆಯ ಮೇಲೆ ಹೊತ್ತಿದ್ದೇನೆ. ಅದರ ಬಗ್ಗೆ ಈ ಹಳ್ಳಿಗನದು ಒಂದೇ ಪ್ರಶ್ನೆ: ಬೀಜದ ವಿಚಾರ ಬೇರೆ ಸರಿ, ಆದರೆ ಬೀಜ ಮುಗಿಲಿನಿಂದ ಉದುರುತ್ತದೆಯೇ?

ಕಥೆ ಇನ್ನೂ ಮುಗಿದಿಲ್ಲ. ಕಿತ್ತ ಗಿಡಗಳನ್ನು ಸುಡಬೇಕೆಂದು ತಮ್ಮ ಮನಸ್ಸಿನಲ್ಲಿತ್ತು. ಮಳೆಗೆ ನೆಂದ ಹಸಿ ಕಡ್ಡಿ, ಹೊಗೆಯಾಡಿ ತಮ್ಮ ಕಣ್ಣನ್ನೇ ಸುಟ್ಟಿತು. ಬೆಟ್ಟದ ಕೆಳಗೆ ಜೀಪಿನವರೆಗೆ ಹೊರಲು ಆಳುಗಳು ಒಪ್ಪಲಿಲ್ಲ. ಆಗ ತಾವು ಕೊಟ್ಟ ಅಪ್ಪಣೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ಹಳ್ಳಕ್ಕೆ ಹಾಕಿ. ತೇಲದ ಹಾಗೆ ಮೇಲೆ ಕಲ್ಲು ಹೇರಿ. ಅಲ್ಲೇ ಕೊಳೆತು ಹೋಗಲಿ."

ಸಾಹೇಬರೇ, ನಮ್ಮ ಬೋರಾ ಕುಲದವರು ಅಜ್ಜ ಮುತ್ತಜ್ಜಂದಿರ ಕಾಲದಿಂದ ಮಾಡಿಕೊಂಡು ಬಂದಿರುವುದು ಅದನ್ನೇ. ಕೀಳು, ಕಟ್ಟು, ನೀರಲ್ಲಿ ಮುಳುಗಿಸು, ಮೇಲೆ ಕಲ್ಲು ಹೇರು, ಕೊಳೆಯಲು ಬಿಡು. ಕೊಳೆತರೇ ತೊಗಟೆಯಿಂದ ನಾರು ಬಿಡುವುದು. ಹಳ್ಳದಲ್ಲಿ ಎಲ್ಲಿ ಹಾಕುವುದೆಂದು ತಮ್ಮವರು ಕೇಳಿದಾಗ ನನ್ನ ಅಜ್ಜ ಕಲ್ಲು ಕಟ್ಟಿ ಮಾಡಿದ ಗುಂಡಿಯನ್ನೇ ತೋರಿಸಿದೆ. ಈ ಕೆಲಸಕ್ಕೆಂದೇ ಮಾಡಿಟ್ಟ ಹಾಗಿದೆಯಲ್ಲ ಕಕಾ ಎಂದು ಒಬ್ಬರು ಬೆರಗಾದರು. ದೇವರ ದಯೆ ಎಂದೆ. ಕಟ್ಟು ವಾಲಿದಂತೆ ಕಂಡಾಗ, ಆ ಮೂಲೆಗೆ ಇನ್ನೊಂದು ಚಪ್ಪಡಿ ಇಟ್ಟರೆ ಸರ್ಕಾರದ ಆಜ್ಞೆ ಇನ್ನೂ ಭದ್ರವಾಗುತ್ತದೆ ಎಂದು ಸಲಹೆಯನ್ನೂ ಕೊಟ್ಟೆ. ಸೊಂಟ ಹಿಡಿದವನ ಇಡೀ ವರ್ಷದ ದುಡಿಮೆ ಸಂಜೆಯೊಳಗೆ ಮುಗಿಯಿತು. ನಾರು ಈಗ ಜಗಲಿಯಲ್ಲಿ ಒಣಗುತ್ತಿದೆ, ಬೆಳ್ಳಿಯ ಹಾಗೆ. ಇಂಥ ನಾರು ಈ ಕಣಿವೆಯಲ್ಲಿ ಯಾರ ಮನೆಯಲ್ಲೂ ಇಲ್ಲ ಎಂದು ನಾನೇ ಹೇಳಬಾರದು, ಆದರೆ ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ಹೇಳುತ್ತಿದ್ದೇನೆ.

ಇಷ್ಟಕ್ಕೇ ನಿಂತಿದ್ದರೆ ನಾನು ತಮಗೆ ಒಂದು ಸನ್ಮಾನಪತ್ರ ಬರೆಯುತ್ತಿದ್ದೆ. ಆದರೆ ಮೊನ್ನೆ ನಮ್ಮ ಊರಿನ ಪ್ರಧಾನರ ಮೂಲಕ ಹೇಳಿಕಳಿಸಿದ್ದೀರಂತೆ. ಆಶ್ವಯುಜ ಮುಗಿಯುವ ಮೊದಲು ಮತ್ತೆ ಬಂದು ಉಳಿದ 'ಎಳೆಯ' ಗಿಡಗಳನ್ನೂ ಕೀಳುತ್ತೀರಂತೆ. ಕಚೇರಿಯಲ್ಲಿ ಯಾರೋ ತಿಳಿದವರು ನಕ್ಕಿರಬೇಕು. ಹೌದು, ಉಳಿದವು ಹೆಣ್ಣು. ಅಮಲು ಇರುವುದೂ ಅದರ ತೆನೆಯಲ್ಲೇ. ಅಂಗೈಯಲ್ಲಿ ಉಜ್ಜಿ ಅಂಟು ತೆಗೆದು ಮಾರುವವರು ಆಚೆ ಕಣಿವೆಗಳಲ್ಲಿದ್ದಾರೆ, ನನಗೂ ಗೊತ್ತು. ಅಂಥವನೊಬ್ಬ ಹೋದ ವರ್ಷ ನಮ್ಮ ಬೇಲಿಯ ಹತ್ತಿರ ಸುಳಿದಾಗ ಸರುಲಿ ಕುಡುಗೋಲು ಹಿಡಿದು ಅವನನ್ನು ಹಳ್ಳದವರೆಗೆ ಬಿಟ್ಟುಬಂದಳು. ಇಲಾಖೆಗೆ ಜನ ಕಮ್ಮಿಯಿದ್ದರೆ ಅವಳನ್ನು ನೇಮಿಸಿಕೊಳ್ಳಬಹುದು.

ನ್ಯಾಯ ಕೇಳುವುದಾದರೆ, ತಮ್ಮ ಕಚೇರಿಯ ಕಾಂಪೌಂಡಿನ ಹಿಂದೆ ಯಾರೂ ಬಿತ್ತದೆಯೇ ಭಂಗಿ ಹುಟ್ಟಿದೆ. ಸೊಂಟದೆತ್ತರವೂ ಇಲ್ಲ, ಹಳದಿ ತಿರುಗಿದೆ, ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಅದನ್ನು ಯಾರ ಹೆಸರಿಗೆ ಹಾಕುತ್ತೀರಿ? ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ತಮ್ಮ ಇಲಾಖೆಯೇ ಹರಾಜು ಕೂಗಿ ಸಾರಾಯಿ ಅಂಗಡಿ ತೆರೆಸಿದೆ. ಸಂಜೆಯಾದರೆ ಅಲ್ಲಿಂದ ಹೊರಟ ಗಂಡಸರು ಊರು ತಲುಪುವಷ್ಟರಲ್ಲಿ ಎರಡು ಊರು ದಾಟಿರುತ್ತಾರೆ. ಅವರಲ್ಲಿ ಒಬ್ಬನಾದರೂ ಚಟ್ನಿ ತಿಂದು ಚರಂಡಿಗೆ ಬಿದ್ದವನಿದ್ದಾನೆಯೇ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕೇಳಿದ್ದೆ. ಹಿತ್ತಲ ಗಿಡವೇ ಅಪರಾಧಿ ಎಂಬುದನ್ನು ತಮ್ಮಿಂದ ಕಲಿತೆ.

ಆದರೂ ನಾನು ಈ ಲೇಖನಿ ಹಿಡಿದದ್ದು ಚಟ್ನಿಗಾಗಿ ಅಲ್ಲ. ನನಗೊಬ್ಬ ಅಕ್ಕನಿದ್ದಾಳೆ, ಹಂಸಾ ದೀದಿ. ಕೆಳಗಿನ ಬಯಲು ಸೀಮೆಗೆ ಮದುವೆಯಾಗಿ ಹೋದವಳು. ಮೊಣಕಾಲು ಹೋಗಿ ಈಗ ಅವಳು ಬೆಟ್ಟ ಹತ್ತಲಾರಳು. ಪ್ರತಿ ಚೈತ್ರದಲ್ಲಿ ಭಿಟೌಲಿ, ಅಂದರೆ ತವರಿನ ಉಡುಗೊರೆಯ ಬುಟ್ಟಿ, ಹೊತ್ತು ನಾನೇ ಇಳಿದು ಹೋಗುತ್ತೇನೆ. ಅಣ್ಣನೋ ತಮ್ಮನೋ ಬಾರದೆ ಆ ತಿಂಗಳು ಕಳೆದರೆ ನಮ್ಮ ಹೆಣ್ಣುಮಕ್ಕಳು ಘುಘುತಿ ಹಕ್ಕಿ ಕೂಗಿದರೂ ಅಳುತ್ತಾರೆ. ನಾನು ಪೂರಿ, ಸಿಹಿ, ಸೀರೆ ಎಲ್ಲ ಒಯ್ಯುತ್ತೇನೆ. ಸೀರೆಯನ್ನು ಅವಳು ಬಿಚ್ಚಿಯೂ ನೋಡದೆ ಪೆಟ್ಟಿಗೆಗೆ ಹಾಕುತ್ತಾಳೆ. ಮೊದಲು ಕೈಯೊಡ್ಡುವುದು ಭಂಗಿಬೀಜದ ಗಂಟಿಗೆ. ನಮ್ಮ ಅವ್ವ ಹಿತ್ತಲಲ್ಲಿ ಬಿತ್ತಿದ ಬೀಜದ ಸಂತಾನ ಅದು, ಒಂದು ವರ್ಷವೂ ತಪ್ಪದೆ ಬಿತ್ತಿದ್ದೇವೆ. ಹಳೆಯ ಬೀಜ ಮೊಳೆಯುವುದಿಲ್ಲ, ಒಂದು ಕಾರ್ತಿಕ ತಪ್ಪಿದರೆ ಆ ತಳಿಯೇ ಹೋಯಿತು. ಪೇಟೆಯಲ್ಲಿ ಬೀಜ ಸಿಗುತ್ತದಲ್ಲ ಎಂದು ಹಿಂದೊಮ್ಮೆ ಅವಳಿಗೆ ಹೇಳಿದ್ದೆ. ಅವಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಕಡಿದಳು.

"ಭುಲಾ, ತಮ್ಮಾ, ಪೇಟೆಯದ್ದು ಬರೀ ಬೀಜ ಕಣೋ" ಎಂದಳು. "ಇದು ಹಲ್ಲಿಗೆ ಸಿಕ್ಕಾಗ ನಮ್ಮ ಕೊಟ್ಟಿಗೆ ಹಿಂದೆ ನಿಂತ ಹಾಗಾಗುತ್ತೆ. ತವರು ಇನ್ನೂ ಇದೆ ಅಂತ ಗೊತ್ತಾಗುತ್ತೆ."



ಆದ್ದರಿಂದ ನನ್ನ ಬೇಡಿಕೆ ಇದು. ತಾವು ಖಂಡಿತ ಬನ್ನಿ, ಆದರೆ ಕಾರ್ತಿಕದಲ್ಲಿ, ಬೀಜ ಬಲಿತ ಮೇಲೆ. ತಮ್ಮ ಎದುರಿಗೇ ಗಿಡ ಕೊಯ್ಯುತ್ತೇನೆ, ಬಡಿದು ಬೀಜ ಕೊಡವುತ್ತೇನೆ, ಉಳಿದ ಸೊಪ್ಪು ತೆನೆಯನ್ನು ತಮ್ಮ ಕೈಯಿಂದಲೇ ಬೆಂಕಿಗೆ ಹಾಕಿ. ಆಗ ಒಣಗಿರುತ್ತದೆ, ಕಣ್ಣು ಉರಿಯುವುದಿಲ್ಲ. ಬರುವಾಗ ಅದೇ ನಾಲ್ವರನ್ನು ಕರೆತನ್ನಿ, ಒಳ್ಳೆಯ ಕೆಲಸಗಾರರು. ಊಟ ನಮ್ಮದು. ಮನೆಯವರಿಗೆ ಚಟ್ನಿ ಹಿಡಿಸಿತೋ ಇಲ್ಲವೋ ತಿಳಿಸಿದರೆ ಸರುಲಿ ಖಾರ ನೋಡಿಕೊಂಡು ಅರೆಯುತ್ತಾಳೆ.

ಇಲ್ಲ, ಈಗಲೇ ಕೀಳಲೇಬೇಕು ಎಂದಾದರೆ ಕಿತ್ತುಬಿಡಿ, ನಾನು ಅಡ್ಡ ಮಲಗುವುದಿಲ್ಲ, ಸೊಂಟ ಇನ್ನೂ ಸರಿಹೋಗಿಲ್ಲ. ಆದರೆ ಚೈತ್ರದಲ್ಲಿ ಭಿಟೌಲಿಯ ಬುಟ್ಟಿ ಹೊತ್ತು ಬಯಲಿಗೆ ಇಳಿಯಬೇಕಾದವರು ತಾವೇ. ನಾನು ಹೋಗುವುದಿಲ್ಲ, ನನ್ನಿಂದಾಗದು. ಬಾಗಿಲು ತಟ್ಟಿ. ಕೂರಿಸುತ್ತಾಳೆ, ನೀರು ಕೊಡುತ್ತಾಳೆ, ಸೀರೆಯನ್ನು ಬಿಚ್ಚದೆ ಪೆಟ್ಟಿಗೆಗೆ ಹಾಕುತ್ತಾಳೆ. ಆಮೇಲೆ ಕೈಯೊಡ್ಡುತ್ತಾಳೆ. ಆ ಕೈಗೆ ಏನಿಡಬೇಕೆಂಬುದನ್ನು ತಮ್ಮ ಕಾನೂನಿನ ಪುಸ್ತಕದಲ್ಲಿ ಈಗಿನಿಂದಲೇ ಹುಡುಕಿಟ್ಟುಕೊಂಡಿರಿ.

ಇಂತಿ,
ತಮ್ಮ ಸಿಬ್ಬಂದಿಯ ಬಿಟ್ಟಿ ಬೆವರಿನಿಂದ ನಾರು ಪಡೆದು, ಬೀಜಕ್ಕಾಗಿ ಕಾರ್ತಿಕ ಕಾಯುತ್ತಿರುವ,
ಹಂಸಾ ದೀದಿಯ ತಮ್ಮ,
ಉಮೇದ್ ಸಿಂಗ್ ಬೋರಾ
ತಿಮಿಲಖೇತ (ದಾರಿ ಕೇಳಬೇಕಾಗಿಲ್ಲ, ಸೂರಿಗಿಂತ ಎತ್ತರದ ಗಿಡ ಕಾಣಿಸುತ್ತದೆ)