ನೀಲಿ ಮುಚ್ಚಳದ ಡಬ್ಬಿ

ಉಮರ್ಗಾ
ದೀಪಾವಳಿ ಪಾಡ್ಯ, ಮಧ್ಯಾಹ್ನ

ನಿಲಂಗಾಪುರವರಾಧೀಶ್ವರಿ, ಕೇಕುಕುಲತಿಲಕೆ, ಮೈದಾ ಸಕ್ಕರೆಗಳನ್ನು ಏಕಛತ್ರದಡಿ ಆಳುತ್ತಿರುವ ಪ್ರಣಿತಕ್ಕನವರ ಪಾದಾರವಿಂದಗಳಿಗೆ, ಉಮರ್ಗಾದ ಕಿರಾಣಿ ಸಿಂಹಾಸನದ ಏಕೈಕ ಯುವರಾಜ ಗುರುಶಾಂತನು ಅಡ್ಡಬಿದ್ದು ಮಾಡುವ ಬಿನ್ನಹ.

ಹೇಗಿದ್ದೀ? ಭಾವನವರ ಬೆನ್ನುನೋವು ಇಳಿಯಿತೇ? ಹಬ್ಬದ ಕೇಕಿನ ಆರ್ಡರುಗಳ ಗದ್ದಲದಲ್ಲಿ ಊಟ ಬಿಡಬೇಡ. ಇಲ್ಲಿ ಅವ್ವ ಆರಾಮ. ಅಪ್ಪನೂ ಆರಾಮ, ನೀನು ನಿನ್ನ ಇಷ್ಟದ ಮದುವೆಯಾಗಿ ಹೋದಾಗಿನಿಂದ ನಿನ್ನ ಹೆಸರೆತ್ತದೆ ಇರುವುದಕ್ಕೆ ಆರಾಮ ಎನ್ನುವುದಾದರೆ. ಫೋನು ಬಿಟ್ಟು ಕಾಗದ ಯಾಕೆಂದು ನಿನಗೇ ಗೊತ್ತು. ನಾಗರಪಂಚಮಿಯಲ್ಲಿ ತಮಾಷೆಗೆಂದು ಅಪ್ಪನ ದನಿ ಅಣಕಿಸಿ ಫೋನಿನಲ್ಲಿ 'ಮನಿಗಿ ಬಾ ಮಗಳ' ಅಂದವನು ನಾನು. ನೀನು ಬ್ಯಾಗು ತುಂಬಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ಹೋಗಿದ್ದೆ ಎಂದು ಆಮೇಲೆ ತಿಳಿಯಿತು. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ಎತ್ತಲೂಬಾರದು.

ಸಮಾಚಾರವೇನೆಂದರೆ, ಹಬ್ಬದ ಊಟದಲ್ಲಿ ಹೋಳಿಗೆಯ ಪಕ್ಕ ತಿರಾಮಿಸು ಎಂಬ ಇಟಲಿ ದೇಶದ ಪದರುಪದರಿನ ಸಿಹಿಯನ್ನು ಪ್ರತಿಷ್ಠಾಪಿಸಲು ನಾನು ಸಂಕಲ್ಪ ಮಾಡಿದೆ. ಕಲಿತದ್ದು ನಿನ್ನದೇ ವಿಡಿಯೋದಿಂದ. ಅವರ ಬಿಸ್ಕೀಟು ಇಲ್ಲಿ ಸಿಗದ್ದಕ್ಕೆ ಚಹಾದ ಟೋಸ್ಟನ್ನೇ ಕಾಫಿಯಲ್ಲಿ ಅದ್ದಿ ಹಾಸಿದೆ. ಅವರ ಚೀಸಿನ ಬದಲು, ಅವ್ವ ಶ್ರೀಖಂಡಕ್ಕೆಂದು ಮೊಸರು ಕಟ್ಟಿ ಇಳಿಸಿದ ಚಕ್ಕಾದಲ್ಲಿ ಅರ್ಧ ಕದ್ದು, ಕೆನೆ ಹಾಕಿ ಬಡಿದೆ. ಟೋಸ್ಟು, ಚಕ್ಕಾ, ಮತ್ತೆ ಟೋಸ್ಟು, ಮತ್ತೆ ಚಕ್ಕಾ, ಮೇಲೆ ಕೋಕೋ ಪುಡಿಯ ಭಸ್ಮಧಾರಣೆ. ಇದೆಲ್ಲ ಪಕ್ಕದ ಮನೆಯಲ್ಲಿ ಗುಟ್ಟಾಗಿ ನಡೆಯಿತು. ನಿಮ್ಮೂರಲ್ಲಿ ನೌಕರಿ ಮಾಡುವ ಶೈಲೇಶ ಹಬ್ಬಕ್ಕೆ ಬಂದಿದ್ದನಲ್ಲ, ಅವನ ಫ್ರಿಜ್ಜಿನಲ್ಲಿ. ಊಟಕ್ಕೆ ಕುಳಿತಾಗ ನೀಲಿ ಮುಚ್ಚಳದ ಗಾಜಿನ ಡಬ್ಬಿಯನ್ನು ನಡುವೆ ಇಟ್ಟು, ಅಕ್ಕ ಶೈಲೇಶನ ಕೈಯಲ್ಲಿ ಕಳಿಸಿದ್ದಾಳೆ ಎಂದೆ. ಎಲ್ಲರೂ ಬೇಷ್ ಎಂದ ಮೇಲೆ, ಮಾಡಿದವನು ನಾನೇ ಎಂದು ಎದ್ದು ಕೂಗುವ ಯೋಜನೆ.

ಅಪ್ಪ ಡಬ್ಬಿಯನ್ನೇ ನೋಡುತ್ತ ಕುಳಿತರು. ಅವ್ವ ಅಂಜುತ್ತಲೇ, ಇಂಥದ್ದಕ್ಕೆ ತತ್ತಿ ಹಾಕುತ್ತಾರಂತೆ ಎಂದಳು.

'ನಮ್ಮ ಪ್ರಣಿತಾ ಹಾಕಂಗಿಲ್ಲ. ಬಡಸು,' ಎಂದರು ಅಪ್ಪ.

ಅಕ್ಕಾ, ಆ 'ನಮ್ಮ' ಕೇಳಿ ಬಾಯಿಗೆ ಒಯ್ದ ಹೋಳಿಗೆಯ ತುತ್ತನ್ನು ನಾನು ತಟ್ಟೆಗೆ ಇಳಿಸಿದೆ. ಅಪ್ಪ ಎರಡನೇ ಸಲ ಹಾಕಿಸಿಕೊಂಡರು. ಮೂಲೆಗೆ ಅಂಟಿದ್ದನ್ನು ಬೆರಳಿನಿಂದ ಬಳಿದರು. ಆಮೇಲೆ, ಎಂದೂ ಒಂದು ಲೋಟ ತೊಳೆಯದವರು, ಡಬ್ಬಿಯನ್ನು ತಾವೇ ತೊಳೆದು ಒರೆಸಿಟ್ಟರು. ಎದ್ದು ಕೂಗುವ ಯೋಜನೆಯನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಭಾವನವರಿಗೆ ನಮಸ್ಕಾರ ತಿಳಿಸು. ನಿನಗೆ ನಮಸ್ಕಾರ ಹೇಳುವ ಮುಖ ಉಳಿದಿಲ್ಲ, ಆದರೂ ಹೇಳಿದ್ದೇನೆ.

ತಲೆ ತಗ್ಗಿಸಿದ ನಿನ್ನ ತಮ್ಮ,
ಗುರುಶಾಂತ

ತಾ.ಕ.: ಈ ಕಾಗದ ತರುವ ಶೈಲೇಶ ಡ್ಯೂಟಿಗೆ ಹೊರಟು ಗಾಡಿ ಚಾಲೂ ಮಾಡಿದ್ದಾನೆ, ಅವಸರ. ಖಾಲಿ ಡಬ್ಬಿ ವಾಪಸ್ ಕಳಿಸಬಾರದೆಂದು ಅವ್ವ ಅದರಲ್ಲಿ ಕರಚಿಕಾಯಿ ತುಂಬಿದ್ದಾಳೆ. ನಾಳೆ ಭಾವುಬೀಜ, ಅಕ್ಕನ ಮನೆಗೆ ಬರಬೇಕಾದವನು ತಮ್ಮ. ಆದರೆ 'ಡಬ್ಬಿ ನಾನೇ ಕೊಟ್ಟು ಬರ್ತೀನಿ' ಎಂದು ಅಪ್ಪ ಹೊಸ ಧೋತರ ತೆಗೆದಿಟ್ಟಿದ್ದಾರೆ. ಬಾಗಿಲಲ್ಲಿ ಕರೆದರೆ ಈ ಸಲ ದನಿ ಅವರದೇ. ಡಬ್ಬಿ ನಿನ್ನದೇ ಅನ್ನು. ನಿಜ ಹೇಳಲೇಬೇಕೆಂದರೆ ಅವರು ನಿನ್ನ ಕೈಯ ಚಹಾ ಕುಡಿದ ಮೇಲೆ ಹೇಳು. ಇನ್ನೊಂದು ಮಾತು. ನಿಮ್ಮನ್ನು ಕೂಡಿಸಲೆಂದು ನಿನ್ನ ಹೆಸರು ಹೇಳಿದೆ ಎಂದು ತಿಳಿಯಬೇಡ. ಟೋಸ್ಟು ನೆನೆದು ಮುದ್ದೆಯಾದಂತೆ ಕಂಡಿತ್ತು. ಕೆಟ್ಟಿದ್ದರೆ ಬೈಗುಳ ನಿನಗೆ ಬೀಳಲಿ ಎಂದು ಹೇಳಿದೆ.