ಕೆಂಪು ಗೆರೆಯ ಆಚೆ

ಫೆಬ್ರವರಿ 3

ಬೆಳಿಗ್ಗೆಯಿಂದ ನನ್ನ ಲ್ಯಾಬಿನಲ್ಲಿ, ವಸ್ತುಗಳನ್ನು ನಡುಗಿಸಿ ನೋಡುವ ಕಂಪನ ಮೇಜಿನ ಬೋಲ್ಟ್ ಬಿಗಿ ಮಾಡುವುದೇ ಆಯಿತು. ಪಕ್ಕದ ಲ್ಯಾಬಿನಿಂದ ಅದೇ ಸದ್ದು. ಟಕ್... ಟಕ್... ಮೇಷ್ಟ್ರ ಮೊಣಕಾಲು. ಅವರದ್ದಲ್ಲ, ಅವರು ಮಾಡಿದ ಲೋಹದ್ದು. ಮುರಿಯುತ್ತದೋ ಇಲ್ಲವೋ ನೋಡಲು ಯಂತ್ರಕ್ಕೆ ಕಚ್ಚಿಸಿ ಹಗಲೂ ರಾತ್ರಿ ಮಡಿಸುತ್ತಾರೆ. ಅದರ ಜೋಡಿ ನನ್ನ ತಂಗಿಯ ಕಾಲಲ್ಲಿದೆ. ಅಪಘಾತದಲ್ಲಿ ಕಾಲು ಕಳೆದುಕೊಂಡು ಊರುಗೋಲು ಹಿಡಿದಿದ್ದವಳು ಈಗ ಮೆಟ್ಟಿಲು ಹತ್ತುತ್ತಾಳೆ. ಮನೆಯಲ್ಲಿ ಮೇಷ್ಟ್ರೇ ದೇವರು. ನಾನು ಯಾರೋ ಬಾಡಿಗೆಯವನು.

ನನ್ನ ಮೇಜಿನ ಡಯಲ್ ಮೇಲೆ ಕೆಂಪು ಗೆರೆ, ಮೇಷ್ಟ್ರೇ ಎಳೆದದ್ದು. ದಾಟಿದರೆ ಎರಡೂ ಲ್ಯಾಬಿನ ನೆಲ ನಡುಗುತ್ತದೆ. “ನನ್ ಪರೀಕ್ಷೆ ಮುಗಿಯೋವರೆಗೂ ದಾಟ್ಬೇಡ ಮಾರಾಯ.” ದಾಟಿಲ್ಲ. ವಿಧೇಯ ಶಿಷ್ಯ!

ಫೆಬ್ರವರಿ 11

ಡೀನ್ ಕರೆದಿದ್ದರು. ಫ್ಯಾಕಲ್ಟಿಯಲ್ಲಿ ಸಂಶೋಧನಾ ಕ್ಷೇತ್ರಗಳು ಜಾಸ್ತಿಯಾದವಂತೆ. ಕಂಪನ, ಕೃತಕ ಅಂಗ — ಎರಡರಲ್ಲಿ ಒಂದೇ ಉಳಿಯುವುದು. ಇನ್ನೊಂದರ ಲ್ಯಾಬಿಗೆ ಬೀಗ. ಮುಂದಿನ ವಾರ ಸಮಿತಿ ಬಂದು ನೋಡುತ್ತದೆ.

“ನಿಮ್ ಕೆಲ್ಸಾನೂ ಒಳ್ಳೇದೇ ಬಿಡಿ,” ಅಂದರು. ಅಂದರೆ, ಬಾಗಿಲು ಅಲ್ಲಿದೆ, ಹೊರಡು ಅಂತ.

ಸಂಜೆ ಮೇಷ್ಟ್ರು ಭುಜ ತಟ್ಟಿದರು. “ತಲೆ ಕೆಡಿಸ್ಕೋಬೇಡ. ನಿನ್ ಕ್ಷೇತ್ರ ಹೋದ್ರೆ ನನ್ ಹತ್ರ ಬಾ. ಬೋಲ್ಟ್ ಬಿಗಿ ಮಾಡೋಕೆ ಜನ ಬೇಕು.” ನಕ್ಕರು. ಅವರ ವಿದ್ಯಾರ್ಥಿಗಳೂ ನಕ್ಕರು. ನಾನೂ ನಕ್ಕೆ.

ಫೆಬ್ರವರಿ 18, ಮಧ್ಯಾಹ್ನ

ಸಮಿತಿಯನ್ನು ಎದುರುಗೊಳ್ಳಲು ಮೇಷ್ಟ್ರು ಪರಿವಾರ ಸಮೇತ ಗೇಟಿಗೆ ಹೋದರು. ಡಯಲ್ ತಿರುಗಿಸಿದೆ. ಗೆರೆ ದಾಟಿಸಿದೆ. ಕಿಟಕಿಯ ಗಾಜು ಗಡಗಡ. ಅವರ ಮಾತು ಕೇಳಿಸಿದೊಡನೆ ನಿಲ್ಲಿಸಿದೆ. ಪಕ್ಕದಲ್ಲಿ ಟಕ್... ಟಕ್... ನಡೆದೇ ಇತ್ತು. ಥತ್! ಏನೂ ಆಗಲಿಲ್ಲವೇ?

ಆಯಿತು. “ಇದು ಮುರಿಯೋ ಮಾತೇ ಇಲ್ಲ,” ಎಂದು ಮೇಷ್ಟ್ರು ಸಮಿತಿಗೆ ಹೇಳುತ್ತಿದ್ದಾಗಲೇ ಫಟ್! ಸಮಿತಿಯ ಹಿರಿಯರೊಬ್ಬರು ತುಂಡು ಎತ್ತಿ ನೋಡಿದರು. “ಇದನ್ನ ಯಾರ್ ಕಾಲಿಗಾದ್ರೂ ಹಾಕಿದೀರಾ?” ಮೇಷ್ಟ್ರ ಮುಖ ಬಿಳಿಚಿಕೊಂಡಿತು. ನೋಡಲು ಚೆನ್ನಾಗಿತ್ತು. ಸುಳ್ಳೇಕೆ ಬರೆಯಲಿ.

ಆಮೇಲೆ ಮೇಷ್ಟ್ರು ನನ್ನ ಲ್ಯಾಬಿಗೆ ಬಂದರು. “ಗೆರೆ ದಾಟಿದ್ಯೇನೋ?”

“ಇಲ್ಲ ಸರ್.”

“ನೀನ್ ದಾಟಲ್ಲ ಬಿಡು. ಕೇಳಿದ್ದೇ ತಪ್ಪು.”

ಫೆಬ್ರವರಿ 24

ಆದೇಶ ಬಂತು. ಕಂಪನ ಉಳಿಯಿತು. ಪಕ್ಕದ ಬಾಗಿಲಿಗೆ ಬೀಗ. ‘ಬೋಲ್ಟ್ ಬಿಗಿ ಮಾಡೋಕೆ ಬನ್ನಿ ಸರ್’ ಅನ್ನಬೇಕೆಂದು ನಾಲಿಗೆ ತುದಿಗೇ ಬಂದಿತ್ತು. ನುಂಗಿಕೊಂಡೆ. ತಂಗಿಗೆ ಇಷ್ಟದ ಸಿಹಿ ಕೊಂಡು ಮನೆಗೆ ಹೋದೆ.

ಮಾರ್ಚ್ 2, ಭಾನುವಾರ

ಮೇಷ್ಟ್ರು ಮನೆಗೆ ಬಂದರು. ಕೈಯಲ್ಲಿ ಖಾಲಿ ಚೀಲ. ತಂಗಿ ಓಡೋಡಿ ಹೋಗಿ ಬಾಗಿಲು ತೆರೆದಳು.

“ಇದರ ಜೋಡಿ ಮುರೀತು. ಇದನ್ನೂ ಬಿಚ್ಚಿ ಕೊಡಮ್ಮ,” ಅಂದರು.

“ಒಂದ್ಸಲಾನೂ ಕೈ ಕೊಟ್ಟಿಲ್ಲ ಸರ್, ಇದು!”

“ಬಿದ್ದ ಮೇಲೆ ತಗೊಂಡು ಏನ್ ಮಾಡ್ಲಿ? ಯಂತ್ರ ಸುಳ್ಳು ಹೇಳಲ್ಲಮ್ಮ.”

“ಇನ್ನೊಂದು ಮಾಡ್ಕೊಡ್ತೀರಾ?”

“ಎಲ್ಲಿ ಕೂತು ಮಾಡ್ಲಿ? ಲ್ಯಾಬಿಗೆ ಬೀಗ ಬಿತ್ತಲ್ಲ.”

ಅವಳ ಮುಂದೆ ಮಂಡಿಯೂರಿದರು. ಸ್ಪ್ಯಾನರ್ ಮತ್ತೆ ಮತ್ತೆ ಜಾರುತ್ತಿತ್ತು. ನನ್ನ ಕಡೆ ತಿರುಗಿದರು. “ನೀನೇ ಬಿಚ್ಚೋ. ನನ್ ಕೈಲಾಗಲ್ಲ.”

ಈ ಮುದುಕ ತನ್ನ ಯಂತ್ರವನ್ನು ಇಷ್ಟು ನಂಬುತ್ತಾನೆಂದು ನನಗೇನು ಗೊತ್ತು? ಯಂತ್ರದಲ್ಲಿದ್ದದ್ದು ಮುರಿಯಲಿ, ಇವಳದ್ದು ಇವಳಿಗಿರುತ್ತದೆ ಅಂದುಕೊಂಡಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೋಲ್ಟ್ ಒಂದೊಂದಾಗಿ ಬಿಚ್ಚಿದೆ. ತಂಗಿ ನನ್ನ ಭುಜ ಹಿಡಿದುಕೊಂಡೇ ಇದ್ದಳು.

ಮಾರ್ಚ್ 3, ಬೆಳಿಗ್ಗೆ

ಅಮ್ಮ ಅಟ್ಟದಿಂದ ಊರುಗೋಲು ಇಳಿಸಿ ಧೂಳು ಒರೆಸಿದಳು.

ಮಹಡಿಯಲ್ಲಿ ಪಕ್ಕದ ಕೋಣೆಯಿಂದ ತಂಗಿ ನನ್ನ ಕೋಣೆಗೆ ಬಂದಿದ್ದಳು. “ಅಣ್ಣಾ, ನೀನು ಪಕ್ಕದಲ್ಲೇ ಇದ್ಯಲ್ಲ. ಅದ್ಯಾಕೆ ಮುರೀತು?”

ಹೇಳಿದರೆ ಸಂಜೆಯೊಳಗೆ ಅವಳ ಕಾಲು ಅವಳಿಗೆ. ನನ್ನ ಲ್ಯಾಬಿಗೆ ಬೀಗ.

“ಲೋಹ ಸರಿ ಇರ್ಲಿಲ್ಲ ಕಣೇ,” ಅಂದೆ.

“ಪಾಪ, ಮೇಷ್ಟ್ರು. ಹೋಗ್ಲಿ ಬಿಡು, ನಿನ್ ಕೆಲ್ಸ ಆದ್ರೂ ಉಳೀತಲ್ಲ,” ಅಂದಳು. ನನಗೇ ಸಮಾಧಾನ!

ಹೋದಳು. ಟಕ್... ಟಕ್... ಅಮ್ಮ ಕೆಳಗಿಂದ ಕೂಗುತ್ತಿದ್ದಾಳೆ: “ಒಬ್ಳೇ ಇಳೀಬೇಡ ಕಣೇ! ಅಣ್ಣ ಬಂದು ಹಿಡ್ಕೊಳ್ತಾನೆ, ತಡಿ!” ಊರುಗೋಲು ಆಗಲೇ ಮೆಟ್ಟಿಲ ಮೇಲಿದೆ. ಟಕ್... ಬಂದೆ, ಇದೊಂದು ಸಾಲು ಮುಗಿಸಿ—